ಸೂಜಿ–ದಾರ: ಮೊದಲು ಬಿಚ್ಚಲು ಕಲಿಯಿರಿ

ಚಿಕ್ಕಮಗಳೂರಿನಲ್ಲಿ ಈ ವಾರ ಪೂರ್ತಿ ಮಳೆ. ಕಿಟಕಿಯಿಂದ ಇರಚಲು ಬೀಳುತ್ತದೆ ಅಂತ ಹೊಲಿಗೆ ಮಿಷನ್ನನ್ನು ಎರಡು ಅಡಿ ಒಳಕ್ಕೆ ಎಳೆದುಕೊಂಡು ಕೂತಿದ್ದೇನೆ. ಮಳೆಗಾಲದಲ್ಲಿ ನಿಮ್ಮ ಪತ್ರಗಳೂ ಜಾಸ್ತಿ. ಹೊರಗೆ ಕಾಲಿಡಲು ಆಗದಿದ್ದಾಗ ಮೂಲೆಯಲ್ಲಿ ಮುಸುಕು ಹೊದ್ದು ಕೂತ ಮಿಷನ್ ಎಲ್ಲರಿಗೂ ನೆನಪಾಗುತ್ತದೆ, ಅಲ್ವಾ? ಬಂದ ಪತ್ರಗಳಲ್ಲಿ ಆರಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕ, ಹೋದ ದೀಪಾವಳಿಗೆ ಮನೆಯವರು ಹೊಲಿಗೆ ಮಿಷನ್ ಕೊಡಿಸಿದರು. ಬೇರೆಯವರಿಗೆ ಹೊಲಿದು ದುಡ್ಡು ಮಾಡುವ ಯೋಚನೆ ಇಲ್ಲ. ನನ್ನ ಬಟ್ಟೆ ನಾನೇ ಹೊಲಿದುಕೊಳ್ಳಬೇಕು ಅಂತ ಆಸೆ. ಇಲ್ಲಿವರೆಗೆ ಮೂರು ಬ್ಲೌಸ್ ಹಾಳು ಮಾಡಿದೆ. ಕಂಕುಳಲ್ಲಿ ಬಿಗಿ, ಭುಜ ಜಾರುತ್ತದೆ. ಬಿಗಿ ಅಂತ ಕಂಕುಳನ್ನು ಇನ್ನಷ್ಟು ಇಳಿಸಿ ಕತ್ತರಿಸಿದರೆ ಕೈ ಎತ್ತಲೂ ಆಗುತ್ತಿಲ್ಲ. ನನಗೆ ಇದು ಒಗ್ಗುವುದಿಲ್ಲವೇನೋ. (ಕಡೂರು)

ಒಗ್ಗುತ್ತದೆ ತಂಗಿ, ಖಂಡಿತ ಒಗ್ಗುತ್ತದೆ. ಶುರು ಮಾಡಿದ ಜಾಗ ಮಾತ್ರ ಸರಿಯಿಲ್ಲ. ಬ್ಲೌಸ್ ನೋಡಲು ಚಿಕ್ಕದು. ಆದರೆ ಮನೆಯಲ್ಲಿ ಹೊಲಿಯುವ ಬಟ್ಟೆಗಳಲ್ಲಿ ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ. ಮೈಗೆ ಹತ್ತಿ ಕೂರಬೇಕು, ಕೈ ಎತ್ತಿದರೆ ಎಳೆಯಬಾರದು, ಬಗ್ಗಿದರೆ ಮೇಲೆ ಏರಬಾರದು. ಮೊದಲು ನಾಲ್ಕು ದಿಂಬಿನ ಕವರ್ ಹೊಲಿಯಿರಿ. ಕಾಲು ಮತ್ತು ಕೈ ಹೊಂದಿಕೊಳ್ಳಲಿ, ಹೊಲಿಗೆ ನೇರ ಬರಲಿ. ಆಮೇಲೆ ಎರಡು ಮೀಟರ್ ಪಾಪ್ಲಿನ್ ತಂದು ಸೀರೆಯೊಳಗಿನ ಲಂಗ. ಆಮೇಲೆ ನೈಟಿ. ಬ್ಲೌಸ್ ಎಲ್ಲಿಗೂ ಓಡಿ ಹೋಗುವುದಿಲ್ಲ.

ನನಗೆ ಹೊಲಿಗೆ ಕಲಿಸಿದ್ದು ನನ್ನ ಅತ್ತೆ. ಮಾವ ಆಲ್ದೂರು ಕಡೆಯ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಅತ್ತೆ ಮನೆಮಂದಿಯ ಬಟ್ಟೆಯ ಜೊತೆಗೆ, ಹಣ್ಣು ಕುಯ್ಯುವ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲಗಳನ್ನೂ ಹೊಲಿದು ಕೊಡುತ್ತಿದ್ದರು. ಮದುವೆಯಾಗಿ ಹೋದ ಹೊಸತರಲ್ಲಿ ನಾನೂ ಕಲಿಯುತ್ತೇನೆ ಎಂದೆ. ಎರಡು ತಿಂಗಳು ಅವರು ನನಗೆ ಹೊಸ ಬಟ್ಟೆ ಮುಟ್ಟಲು ಬಿಡಲಿಲ್ಲ. ಒಂದು ಹರಿದ ಶರ್ಟು, ಒಂದು ಹಳೇ ರವಿಕೆ, ಒಂದು ಮಗುವಿನ ಫ್ರಾಕು, ಜೊತೆಗೆ ಒಂದು ಬ್ಲೇಡು ಕೊಟ್ಟು, "ಬಿಚ್ಚು" ಎಂದರು. ಆಗ ಬೇಜಾರಾಗಿತ್ತು. ಈಗ ನಾನೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಹೊಲಿದವರು ಕೊನೆಗೆ ಹಾಕಿದ ಹೊಲಿಗೆಯೇ ಬಿಚ್ಚುವವರ ಕೈಗೆ ಮೊದಲು ಸಿಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಹಾಗೆ ಕಲಿತದ್ದು. ತೋಳಿನ ಸುತ್ತಿನಲ್ಲಿ ಮುಂದಿನ ಕಡೆ ಜಾಸ್ತಿ ಒಳಗೆ ಕತ್ತರಿಸಿರುತ್ತಾರೆ, ಹಿಂದಿನ ಕಡೆ ಕಡಿಮೆ. ಇದನ್ನು ಯಾರೂ ನನಗೆ ಬಾಯಲ್ಲಿ ಹೇಳಲಿಲ್ಲ. ಬಿಚ್ಚಿ ನೆಲದ ಮೇಲೆ ಹಾಸಿದಾಗ ಕಣ್ಣಿಗೆ ಕಂಡಿತು.

ನಿಮಗೆ ಸರಿಯಾಗಿ ಕೂರುವ ಒಂದು ಹಳೇ ಬ್ಲೌಸ್ ಆರಿಸಿ. ಅರ್ಧ ಮಾತ್ರ ಬಿಚ್ಚಿ. ಇನ್ನರ್ಧ ಹಾಗೇ ಇರಲಿ, ಸಂಶಯ ಬಂದಾಗ ತಿರುಗಿಸಿ ನೋಡಬಹುದು. ಬಿಚ್ಚಿದ ತುಂಡುಗಳನ್ನು ಎಳೆಯದೆ ಇಸ್ತ್ರಿ ಮಾಡಿ, ಪೇಪರ್ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಟಕ್ಸ್, ಅಂದರೆ ಮೈಗೆ ಹೊಂದಲು ಹಿಡಿದು ಹೊಲಿದ ಮಡಿಕೆಗಳು, ಎಲ್ಲಿವೆ ಅಂತ ಗುರುತು ಹಾಕಿ. ಬಟ್ಟೆಯ ಹಾಸು ಎಳೆ, ಅಂದರೆ ಉದ್ದಕ್ಕೆ ಓಡುವ ನೂಲು, ಯಾವ ದಿಕ್ಕಿಗೆ ಓಡಿದೆ ಅನ್ನುವುದಕ್ಕೂ ಒಂದು ಬಾಣ ಬರೆಯಿರಿ. ಹೊಸ ಬಟ್ಟೆಯಲ್ಲಿ ಆ ಬಾಣ ಅಂಚಿಗೆ ಸಮನಾಗಿ ಕೂರಬೇಕು. ಇಲ್ಲದಿದ್ದರೆ ಎರಡು ಸಲ ಒಗೆಯುವಷ್ಟರಲ್ಲಿ ಬ್ಲೌಸ್ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಮೊದಲ ಬ್ಲೌಸನ್ನು ಹಳೇ ಕಾಟನ್ ಸೀರೆಯಲ್ಲಿ ಕತ್ತರಿಸಿ, ಉದ್ದುದ್ದ ಹೊಲಿಗೆ ಹಾಕಿ ತೊಟ್ಟು ನೋಡಿ. ಮೇಲಿನ ಶೆಲ್ಫಿನಿಂದ ಡಬ್ಬ ಇಳಿಸಿ, ಬಗ್ಗಿ ಬಿಂದಿಗೆ ಎತ್ತಿ. ಎಲ್ಲಿ ಹಿಡಿಯುತ್ತದೆ ಅಂತ ಗೊತ್ತಾಗುತ್ತದೆ.

ಈಗ ಕಂಕುಳಿನ ವಿಷಯ. ಬಿಗಿ ಅನ್ನಿಸಿದ ತಕ್ಷಣ ಎಲ್ಲರೂ ಮಾಡುವುದು ಅದನ್ನು ಕೆಳಕ್ಕೆ ಇಳಿಸುವುದು. ಆದರೆ ಕಂಕುಳ ಸುತ್ತು ಕೆಳಗೆ ಇಳಿದಷ್ಟೂ ತೋಳು ಪಕ್ಕೆಯ ಬಟ್ಟೆಗೆ ಕಟ್ಟಿ ಹಾಕಿದ ಹಾಗೆ ಆಗುತ್ತದೆ. ಕೈ ಎತ್ತಿದರೆ ಇಡೀ ಬ್ಲೌಸ್ ಜೊತೆಗೆ ಏಳುತ್ತದೆ. ಬಿಗಿ ಇರುವುದು ಎದೆಯ ಅಗಲದಲ್ಲೋ ತೋಳಿನ ಅಗಲದಲ್ಲೋ ನೋಡಿ, ಅಲ್ಲಿ ಅರ್ಧ ಇಂಚು ಬಿಡಿ. ಕಂಕುಳು ಮೇಲೇ ಇರಲಿ. ಈಗಾಗಲೇ ಇಳಿಸಿದ ಬ್ಲೌಸನ್ನು ಎಸೆಯಬೇಡಿ. ಹಳೆ ಕಾಲದ ರವಿಕೆಗಳಲ್ಲಿ ಕಂಕುಳಿಗೆ ಒಂದು ಚೌಕದ ತುಂಡು ಸೇರಿಸುತ್ತಿದ್ದರು. ಎರಡೂವರೆ ಇಂಚಿನ ಚೌಕ ಕತ್ತರಿಸಿ, ಮೂಲೆ ಮೇಲೆ ಬರುವಂತೆ ತಿರುಗಿಸಿ ಕೂರಿಸಿ. ಕೈ ಆರಾಮವಾಗಿ ಏಳುತ್ತದೆ.

ಭುಜ ಜಾರಲು ಕಾರಣ ಕತ್ತು. ಮುಂದೆ ಅಗಲ, ಹಿಂದೆಯೂ ಆಳ, ಎರಡೂ ಒಟ್ಟಿಗೆ ಬೇಡ. ಇನ್ನೊಂದು ಕಾರಣವೂ ಇದೆ. ಕತ್ತಿನ ಸುತ್ತು ಕತ್ತರಿಸುವಾಗ ಬಟ್ಟೆಯ ಎಳೆ ಓರೆಯಾಗಿ ತುಂಡಾಗುತ್ತದೆ. ಓರೆ ಎಳೆ ರಬ್ಬರಿನ ಹಾಗೆ ಹಿಗ್ಗುತ್ತದೆ. ನಾವು ಕೈಯಲ್ಲಿ ಹಿಡಿದು ತಿರುಗಿಸುವುದರಲ್ಲೇ ಅರ್ಧ ಇಂಚು ದೊಡ್ಡದಾಗಿರುತ್ತದೆ! ಅದಕ್ಕೇ ಕತ್ತರಿಸಿದ ಕೂಡಲೇ, ಬೇರೆ ಯಾವ ಕೆಲಸಕ್ಕೂ ಮೊದಲು, ಕತ್ತಿನ ಅಂಚಿಗೆ ಒಂದು ಸಾಲು ಹೊಲಿಗೆ ಓಡಿಸಿಬಿಡಿ.

ಇನ್ನೊಂದು ಮಾತು. ಕಾಟನ್ ಬಟ್ಟೆಯನ್ನೂ ಅದರ ಲೈನಿಂಗನ್ನೂ ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆ ಕತ್ತರಿ ಇಡಿ. ಮೇಲಿನದು ನೆನೆಸಿ ಲೈನಿಂಗ್ ಮರೆತರೆ, ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗಿ ಬ್ಲೌಸ್ ಪೂರ್ತಿ ಸುಕ್ಕಾಗುತ್ತದೆ. ಪಕ್ಕದ ಹೊಲಿಗೆಯಲ್ಲಿ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಿ. ಹೆರಿಗೆ, ಬಾಣಂತನ, ಜ್ವರ, ವಯಸ್ಸು ಎಲ್ಲದಕ್ಕೂ ನಮ್ಮ ಮೈ ಬದಲಾಗುತ್ತದೆ. ಒಳಗೆ ಬಟ್ಟೆ ಇದ್ದರೆ ಬ್ಲೌಸೂ ಜೊತೆಗೆ ಬದಲಾಗುತ್ತದೆ. ನಮ್ಮ ಬಟ್ಟೆ ನಾವೇ ಹೊಲಿದುಕೊಳ್ಳುವುದರಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಪ್ರಶ್ನೆ: ನಮ್ಮ ಮನೆಯಲ್ಲಿರುವುದು ಹಳೇ ಕಾಲು ಮಿಷನ್. ಮಳೆಗಾಲ ಬಂದರೆ ಚಕ್ರ ಬಿಗಿ. ಮಿಷನ್ ಎಣ್ಣೆ ಖಾಲಿಯಾದಾಗ ಕೊಬ್ಬರಿ ಎಣ್ಣೆ ಬಿಡುತ್ತೇನೆ. ಹೊಲಿದರೆ ಬಟ್ಟೆಯ ಕೆಳಗೆ ದಾರ ಗೊಂಚಲು ಗೊಂಚಲಾಗಿ ಸಿಕ್ಕುತ್ತದೆ. ಕೆಳಗಿನ ದಾರ ಇರುವ ಬಾಬಿನ್ ಕೇಸಿನ ಸ್ಕ್ರೂ ತಿರುಗಿಸಿ ತಿರುಗಿಸಿ ಸಾಕಾಯಿತು. (ಮೂಡಿಗೆರೆ)

ಕೊಬ್ಬರಿ ಎಣ್ಣೆಯನ್ನು ಇವತ್ತೇ ನಿಲ್ಲಿಸಿ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಮಳೆ, ಚಳಿಯಲ್ಲಿ ಬಾಟಲಿಯೊಳಗೆ ಬೆಳ್ಳಗೆ ಕೂತಿರುವುದನ್ನು ದಿನಾ ನೋಡುತ್ತೀರಲ್ಲ, ಮಿಷನ್ ಹೊಟ್ಟೆಯೊಳಗೂ ಹಾಗೇ ಕೂರುತ್ತದೆ. ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ನಮ್ಮ ಮನೆಯಲ್ಲೂ ಒಂದು ಡಿಸೆಂಬರ್‌ನಲ್ಲಿ ಹೀಗೇ ಆಗಿ, ಮಗಳ ಶಾಲೆಯ ನಾಟಕಕ್ಕೆ ಹೊಲಿಯಬೇಕಿದ್ದ ಬಟ್ಟೆಯನ್ನು ರಾತ್ರಿಯೆಲ್ಲ ಕೈಯಲ್ಲೇ ಹೊಲಿದಿದ್ದೆ. ಎಣ್ಣೆ ಬಿಡುವ ತೂತುಗಳಿಗೆ ಒಂದೊಂದು ಹನಿ ಸೀಮೆಎಣ್ಣೆ ಹಾಕಿ, ದಾರವಿಲ್ಲದೆ ಐದು ನಿಮಿಷ ತುಳಿಯಿರಿ. ಒಲೆ, ದೀಪ ಹತ್ತಿರ ಇರದಂತೆ ನೋಡಿಕೊಳ್ಳಿ. ಕಪ್ಪಗೆ ಇಳಿದು ಬಂದದ್ದನ್ನು ಹಳೇ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮಿಷನ್ ಎಣ್ಣೆ ಬಿಡಿ. ಸೂಜಿಯ ಕೆಳಗಿನ ತಗಡು ಬಿಚ್ಚಿ ನೋಡಿ. ಹಲ್ಲುಗಳ ನಡುವೆ ನೂಲಿನ ಜುಂಗು ಕಂಬಳಿಯ ಹಾಗೆ ಕೂತಿರುತ್ತದೆ. ಹಳೇ ಟೂತ್ ಬ್ರಷ್‌ನಿಂದ ತೆಗೆಯಿರಿ.

ದಾರದ ಗೊಂಚಲು ಕೆಳಗೆ ಕಂಡರೂ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಮೇಲೆ ಎರಡು ಪುಟ್ಟ ಬಿಲ್ಲೆಗಳ ನಡುವೆ ದಾರ ಹಾದು ಬರುತ್ತದಲ್ಲ, ಅವು ಅದನ್ನು ಬಿಗಿಯಾಗಿ ಹಿಡಿಯಬೇಕು. ಬಟ್ಟೆ ಒತ್ತುವ ಪಾದವನ್ನು ಎತ್ತಿದಾಗ ಮಾತ್ರ ಆ ಬಿಲ್ಲೆಗಳು ಸಡಿಲವಾಗುತ್ತವೆ. ಪಾದ ಇಳಿಸಿಕೊಂಡು ದಾರ ಪೋಣಿಸಿದರೆ ದಾರ ಬಿಲ್ಲೆಗಳ ನಡುವೆ ಕೂರುವುದೇ ಇಲ್ಲ, ಮೇಲಿಂದ ಮೇಲೆ ಜಾರುತ್ತದೆ. ಪಾದ ಎತ್ತಿ, ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ. ಸೂಜಿಯ ಒಂದು ಪಕ್ಕದಲ್ಲಿ ಉದ್ದ ಗೀರು ಇರುತ್ತದೆ, ದಾರ ಆ ಕಡೆಯಿಂದಲೇ ಒಳಗೆ ಹೋಗಬೇಕು. ಸೂಜಿಯನ್ನೂ ಬದಲಿಸಿ. ಮಾಮೂಲಿ ಕಾಟನ್‌ಗೆ 14 ನಂಬರ್, ತೆಳು ಬಟ್ಟೆಗೆ 11, ಜೀನ್ಸ್ ತರಹದ ದಪ್ಪಕ್ಕೆ 16. ಇಷ್ಟೆಲ್ಲ ಆದ ಮೇಲೂ ಸರಿಯಾಗದಿದ್ದರೆ ಮಾತ್ರ ಬಾಬಿನ್ ಕೇಸಿನ ಸ್ಕ್ರೂ ಮುಟ್ಟಿ, ಅದೂ ಕಾಲು ಸುತ್ತು.

ತೇವಕ್ಕೆ ಚರ್ಮದ ಬೆಲ್ಟು ಸಡಿಲವಾಗುತ್ತದೆ. ಕಾಲಿಂಚು ಕತ್ತರಿಸಿ ಮತ್ತೆ ಕೊಂಡಿ ಹಾಕಿಕೊಳ್ಳಿ. ಮಿಷನ್ನಿಗೆ ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೇ ಬೆವರಿ ತುಕ್ಕು ಹಿಡಿಯುತ್ತದೆ. ಹತ್ತಿ ಬಟ್ಟೆ ಸಾಕು.

ಪ್ರಶ್ನೆ: ನನಗೆ 29 ವರ್ಷ, ಹಾಸನದಲ್ಲಿ ಬ್ಯಾಂಕ್ ಕೆಲಸ. ರೆಡಿಮೇಡ್ ಶರ್ಟು ಭುಜಕ್ಕೆ ಸರಿ ಹೋದರೆ ತೋಳು ಗಿಡ್ಡ. ಭಾನುವಾರಗಳಲ್ಲಿ ನನ್ನ ಶರ್ಟು ನಾನೇ ಹೊಲಿಯಲು ಕಲಿಯಬೇಕು ಅಂತಿದ್ದೇನೆ. ಮನೆಯಲ್ಲಿ ನಗುತ್ತಾರೆ. ಎಷ್ಟು ಬಟ್ಟೆ ಬೇಕು? ಕಾಲರ್ ತುಂಬಾ ಕಷ್ಟವೇ? (ಹಾಸನ)

ಬಹಳ ಸಂತೋಷ ಆಯಿತು ತಮ್ಮ. ನಗುವವರು ನಗಲಿ, ನಿಮ್ಮ ಮೊದಲ ಶರ್ಟು ನೋಡಿದ ಮೇಲೆ ಅವರೇ ಅಳತೆ ಕೊಡಲು ಬರುತ್ತಾರೆ. ನನ್ನ ಮಾವ ಲೆಕ್ಕದ ಪುಸ್ತಕ ಮುಚ್ಚಿಟ್ಟ ಮೇಲೆ ತಮ್ಮ ಶರ್ಟಿನ ಕಾಲರನ್ನು ತಾವೇ ತಿರುವಿ ಹೊಲಿದುಕೊಳ್ಳುತ್ತಿದ್ದರು. ಕಾಲರ್ ಸವೆಯುವುದು ಕತ್ತಿಗೆ ತಾಗುವ ಮಡಿಕೆಯ ಹತ್ತಿರ. ಕೆಳಪಟ್ಟಿಯಿಂದ ಕಾಲರನ್ನು ಬಿಚ್ಚಿ, ತಿರುಗಿಸಿ ಮತ್ತೆ ಹೊಲಿದರೆ ಸವೆದ ಭಾಗ ಕೆಳಗೆ ಹೋಗುತ್ತದೆ, ಶರ್ಟು ಇನ್ನೆರಡು ವರ್ಷ ಬರುತ್ತದೆ. ನೀವೂ ಅಲ್ಲಿಂದಲೇ ಶುರು ಮಾಡಿ. ಹಳೇ ಶರ್ಟಿನ ಕಾಲರ್ ಬಿಚ್ಚಿ ತಿರುವಿ ಹೊಲಿದವರಿಗೆ ಹೊಸ ಕಾಲರ್ ಹೆದರಿಸುವುದಿಲ್ಲ.

ತುಂಬು ತೋಳಿಗೆ, 36 ಇಂಚು ಅಗಲದ ಬಟ್ಟೆಯಾದರೆ ಎರಡೂಕಾಲು ಮೀಟರ್. 58 ಇಂಚು ಅಗಲ ಇದ್ದರೆ 1.60 ಮೀಟರ್ ಸಾಕು. ತುಂಬಾ ಎತ್ತರ ಇದ್ದರೆ ಸ್ವಲ್ಪ ಜಾಸ್ತಿ ತನ್ನಿ. ಮೊದಲನೆಯದು ಅರ್ಧ ತೋಳಿನ, ಬರೀ ಪಟ್ಟಿ ಕಾಲರಿನ ಶರ್ಟು ಆಗಿರಲಿ. ಜಾರುವ ಬಟ್ಟೆ ಬೇಡ. ಚೌಕುಳಿ ಇರುವುದೂ ಬೇಡ, ಎರಡು ಕಡೆಯ ಗೆರೆ ಕೂಡಿಸುವುದರಲ್ಲೇ ಭಾನುವಾರ ಮುಗಿದು ಹೋಗುತ್ತದೆ. ಗುಂಡಿ ತೂರಿಸುವ ಕಾಜಾ ಹಾಕುವುದನ್ನು ಸದ್ಯಕ್ಕೆ ಬೇರೆಯವರಿಗೆ ಕೊಡಿ. ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋದಾಗ ಟೈಲರ್ ಅಂಗಡಿಗಳಲ್ಲಿ ವಿಚಾರಿಸಿ.

ಪ್ರಶ್ನೆ: ನನ್ನ ತಾಯಿಯ ಮೈಸೂರು ಸಿಲ್ಕ್ ಸೀರೆ ನನ್ನ ಹತ್ತಿರ ಇದೆ. ಅಮ್ಮ ಹೋಗಿ ನಾಲ್ಕು ವರ್ಷ ಆಯಿತು. ಒಂಬತ್ತು ವರ್ಷದ ಮಗಳಿಗೆ ಅದರಲ್ಲಿ ಉದ್ದ ಲಂಗ, ರವಿಕೆ ಹೊಲಿಯಬೇಕು ಅಂತ ಆಸೆ. ಆದರೆ ಕತ್ತರಿ ಹಿಡಿದರೆ ಕೈ ನಡುಗುತ್ತದೆ. ಒಂದೇ ವರ್ಷಕ್ಕೆ ಗಿಡ್ಡ ಆಗಿಬಿಟ್ಟರೆ? (ಬೇಲೂರು)

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಅಮ್ಮನದೂ ಒಂದು ರೇಷ್ಮೆ ಸೀರೆ ಇತ್ತು, ಅರಿಶಿನ ಬಣ್ಣದ್ದು. ಕತ್ತರಿಸಲು ಮನಸ್ಸು ಬಾರದೆ ಬೀರುವಿನಲ್ಲಿ ಹಾಗೇ ಮಡಚಿಟ್ಟೆ. ಹನ್ನೊಂದು ವರ್ಷ ಬಿಟ್ಟು ತೆಗೆದರೆ ಮಡಿಕೆ ಇದ್ದ ಕಡೆಯೆಲ್ಲ ಎಳೆ ಒಡೆದಿತ್ತು. ಮಡಿಕೆ ಬದಲಿಸದೆ ಇಟ್ಟ ರೇಷ್ಮೆಗೆ ಹೀಗಾಗುತ್ತದೆ. ಆಮೇಲೆ ಅದರಿಂದ ಏನೂ ಹೊಲಿಯಲು ಆಗಲಿಲ್ಲ. ಅದಕ್ಕೇ ಹೇಳುತ್ತೇನೆ, ಹೊಲಿಯಿರಿ. ಅಜ್ಜಿಯ ಸೀರೆ ಮೊಮ್ಮಗಳ ಮೈಮೇಲೆ ಇರಲಿ.

ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ಮಡಿಕೆಗಳನ್ನು ನೋಡಿ. ಅಲ್ಲಿ ಮೆಲ್ಲಗೆ ಎಳೆದು ನೋಡಿ. ಗಟ್ಟಿ ಇದ್ದರೆ ಮುಂದಿನ ಕೆಲಸ. ಮೈಸೂರು ಸಿಲ್ಕ್ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದದ್ದು. ಅಲ್ಲಿಯ ಸೀರೆ ಕ್ರೇಪ್, ಅಂದರೆ ನೂಲನ್ನು ಚೆನ್ನಾಗಿ ಹುರಿ ಮಾಡಿ ನೇಯ್ದದ್ದು. ಅದಕ್ಕೇ ಮೈಮೇಲೆ ಅಷ್ಟು ಚೆಂದ ಇಳಿಯುತ್ತದೆ. ಕತ್ತರಿಸುವಾಗ ಅಷ್ಟೇ ಜಾರುತ್ತದೆ. ಕಾಟನ್‌ನಂತೆ ಇದನ್ನು ನೀರಲ್ಲಿ ನೆನೆಸಬೇಡಿ. ಹುರಿ ನೂಲು ನೀರು ಕುಡಿದರೆ ಕುಗ್ಗುತ್ತದೆ. ನೆಲದ ಮೇಲೆ ಹಳೇ ಕಾಟನ್ ಬೆಡ್‌ಶೀಟ್ ಹಾಸಿ ಅದರ ಮೇಲೆ ಸೀರೆ ಬಿಡಿಸಿ, ಜಾರುವುದಿಲ್ಲ. ಗುಂಡುಪಿನ್ನುಗಳನ್ನು ಅಂಚಿನ ಹತ್ತಿರವೇ ಚುಚ್ಚಿ, ನಡುವೆ ಬೇಡ. ಸೂಜಿ 9 ಅಥವಾ 11.

ಈಗ ಬೆಳೆಯುವ ಹುಡುಗಿಯ ಲೆಕ್ಕ. ಲಂಗದ ಕೆಳಗೆ ಸೀರೆಯ ಜರಿ ಅಂಚು ಬರುತ್ತದೆ. ಅದನ್ನು ಒಳಗೆ ಮಡಚಲು ಆಗುವುದಿಲ್ಲ. ಅಂದರೆ ಉದ್ದ ಬಿಡುವುದು ಅಂಚಿನ ಮೇಲ್ಗಡೆ. ಸೀರೆಯ ಅಗಲ 45 ಇಂಚು ಇದೆ ಅಂದುಕೊಳ್ಳಿ. ಮಗಳ ಸೊಂಟದಿಂದ ಪಾದದವರೆಗೆ 30 ಇಂಚು. ಮೇಲಿನ ಅಂಚನ್ನು ನಾಲ್ಕು ಇಂಚಿನಷ್ಟು ಕತ್ತರಿಸಿ ತೆಗೆಯಿರಿ, ಅದು ರವಿಕೆಯ ತೋಳಿಗೆ ಬರುತ್ತದೆ. ಉಳಿದದ್ದು 41. ಸೊಂಟದ ಪಟ್ಟಿಗೆ ಸೇರಿಸಲು ಒಂದು ಇಂಚು. ಇನ್ನು ಹೆಚ್ಚಿಗೆ ಇರುವುದು ಹತ್ತು ಇಂಚು. ಇದನ್ನು ಕತ್ತರಿಸಬೇಡಿ! ಐದು ಮಡಿಕೆ ಹಾಕಿ. ಒಂದೊಂದು ಮಡಿಕೆ ಒಂದು ಇಂಚು ಆಳ, ಹಾಗಾಗಿ ಒಂದೊಂದರಲ್ಲಿ ಎರಡು ಇಂಚು ಬಟ್ಟೆ ಕೂರುತ್ತದೆ. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಎರಡು ಇಂಚು ಉದ್ದ ಸಿಗುತ್ತದೆ. ಹದಿನಾಲ್ಕು ವರ್ಷ ಆಗುವವರೆಗೂ ಅದೇ ಲಂಗ ಬರುತ್ತದೆ.

ಮಡಿಕೆಗಳನ್ನು ಬಟ್ಟೆ ಚಪ್ಪಟೆ ಇರುವಾಗಲೇ ಹಾಕಿ. ಪಕ್ಕದ ಹೊಲಿಗೆ, ನೆರಿಗೆ ಆಮೇಲೆ. ಮಿಷನ್ನಿನಲ್ಲಿ ಹಾಕಬೇಡಿ, ರೇಷ್ಮೆಯಲ್ಲಿ ಸೂಜಿಯ ತೂತು ಉಳಿದುಬಿಡುತ್ತದೆ. ಸಣ್ಣ ಕೈಸೂಜಿಯಲ್ಲಿ ಓಡು ಹೊಲಿಗೆ ಹಾಕಿ. ಎಲ್ಲ ಮಡಿಕೆಗಳನ್ನೂ ಒಳಗಡೆಗೆ ಮಾಡಿ, ಇಸ್ತ್ರಿಯಲ್ಲಿ ಗಟ್ಟಿಯಾಗಿ ಒತ್ತಬೇಡಿ. ಬಿಚ್ಚಿದಾಗ ಒಂದು ಗೆರೆ ಕಂಡರೆ ಅದರ ಮೇಲೆ ಸಣ್ಣ ಜರಿ ಪಟ್ಟಿ ಇಡಬಹುದು. ಲಂಗದ ಸುತ್ತಿಗೆ ಎರಡೂವರೆ ಮೀಟರ್, ರವಿಕೆಗೆ ಮುಕ್ಕಾಲು ಮೀಟರ್ ತೆಗೆದರೆ, ಐದೂವರೆ ಮೀಟರಿನ ಸೀರೆಯಲ್ಲಿ ಸೆರಗು ಸೇರಿ ಎರಡೂಕಾಲು ಮೀಟರ್ ಉಳಿಯುತ್ತದೆ. ಅದನ್ನು ಹತ್ತಿ ಪಂಚೆಯಲ್ಲಿ ಸುತ್ತಿಡಿ. ವರ್ಷಕ್ಕೆ ಎರಡು ಸಲ ತೆಗೆದು ಬೇರೆ ಮಡಿಕೆಯಲ್ಲಿ ಮಡಚಿ. ರವಿಕೆಯ ಪಕ್ಕದಲ್ಲೂ ಎರಡೆರಡು ಇಂಚು ಒಳಗೆ ಬಿಡುವುದನ್ನು ಮರೆಯಬೇಡಿ.

ಕೈ ನಡುಗುತ್ತದೆ ಎಂದಿರಿ. ಮೊದಲು ಅದೇ ಅಳತೆಯಲ್ಲಿ ಒಂದು ಹಳೇ ಸೀರೆಯಲ್ಲಿ ಲಂಗ ಹೊಲಿದು ಮಗಳಿಗೆ ತೊಡಿಸಿ ನೋಡಿ. ಎರಡನೇ ಸಲ ಕೈ ನಡುಗುವುದಿಲ್ಲ.

ಪ್ರಶ್ನೆ: ನಾನು ಹೊಲಿಯುವುದು ಸುಮ್ನೆ ಖುಷಿಗೆ. ಈಗ ಅಕ್ಕಪಕ್ಕದವರು, ನೆಂಟರು ಎಲ್ಲ ಫಾಲ್ಸ್ ಹಾಕಿಕೊಡು, ಬ್ಲೌಸ್ ಸಡಿಲ ಮಾಡಿಕೊಡು ಅಂತ ಬರುತ್ತಾರೆ. ದಾರದ ದುಡ್ಡೂ ಕೊಡುವುದಿಲ್ಲ. ಇಲ್ಲ ಅನ್ನಲು ಸಂಕೋಚ. ಮೂರು ತಿಂಗಳಿಂದ ನನ್ನದು ಅಂತ ಒಂದು ಬಟ್ಟೆಯನ್ನೂ ಹೊಲಿದಿಲ್ಲ. (ಸಕಲೇಶಪುರ)

ಇಲ್ಲ ಅನ್ನಿ. ನಿಮ್ಮ ಮಧ್ಯಾಹ್ನದ ಎರಡು ಗಂಟೆ ನಿಮ್ಮದು. ನೇರವಾಗಿ ಹೇಳಲು ಕಷ್ಟವಾದರೆ ಹೀಗೆ ಮಾಡಿ: ಬ್ಲೌಸ್ ಹಿಡಿದು ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ಬ್ಲೇಡೂ ಕೊಡಿ. "ಪಕ್ಕದ ಹೊಲಿಗೆ ನೀವು ಬಿಚ್ಚಿ, ಹೇಗೆ ಹೊಲಿಯುವುದು ಅಂತ ನಾನು ತೋರಿಸುತ್ತೇನೆ" ಅನ್ನಿ. ಕೆಲವರು ನಿಜವಾಗಿಯೂ ಕಲಿಯುತ್ತಾರೆ, ನಿಮಗೆ ಜೊತೆ ಸಿಗುತ್ತದೆ. ಉಳಿದವರು ಟೈಲರ್ ಹತ್ತಿರ ಹೋಗುತ್ತಾರೆ. ಆ ಟೈಲರ್‌ಗೂ ಸಂಸಾರ ಇದೆ, ಅವರ ಕೂಲಿ ಅವರಿಗೆ ಸಿಗಲಿ. ಈ ವಾರ ಬೇರೆ ಯಾರದನ್ನೂ ಮುಟ್ಟದೆ ನಿಮಗೊಂದು ಕುರ್ತಾ ಕತ್ತರಿಸಿಕೊಳ್ಳಿ. ಬಣ್ಣ ಯಾವುದು ಅಂತ ನನಗೆ ಬರೆಯಿರಿ.

ಪ್ರಶ್ನೆ: ಮಗಳೇ, ನನಗೆ 71. ಮಿಷನ್ ತುಳಿಯಲು ಮಂಡಿ ಬಿಡುವುದಿಲ್ಲ. ಕೈಯಲ್ಲೇ ಹಳೇ ಸೀರೆಗಳ ಹೊದಿಕೆ ಹೊಲಿಯೋಣ ಅಂತ. ಸೂಜಿಗೆ ದಾರ ಪೋಣಿಸುವುದೇ ದೊಡ್ಡ ಕೆಲಸ ಆಗಿದೆ. (ಕೊಪ್ಪ)

ಅಮ್ಮ, ಬೆಳಿಗ್ಗೆ ಮನೆಯವರು ಯಾರಾದರೂ ಬಿಡುವಾಗಿದ್ದಾಗ ಹತ್ತು ಸೂಜಿಗೆ ಒಟ್ಟಿಗೆ ದಾರ ಪೋಣಿಸಿಟ್ಟುಕೊಳ್ಳಿ. ಒಂದು ದಿಂಬಿಗೆ ಸಾಲಾಗಿ ಚುಚ್ಚಿಟ್ಟರೆ ದಿನ ಪೂರ್ತಿ ಸಾಕು. ನೀವೇ ಪೋಣಿಸುವುದಾದರೆ ದಾರದ ತುದಿಯನ್ನು ಓರೆಯಾಗಿ ಕತ್ತರಿಸಿ, ಸೂಜಿಯ ಹಿಂದೆ ಬಿಳಿ ಕಾಗದ ಹಿಡಿಯಿರಿ, ಕಣ್ಣು ಎದ್ದು ಕಾಣುತ್ತದೆ. ತಂತಿಯ ಕುಣಿಕೆ ಇರುವ ಪುಟ್ಟ ತಗಡಿನ ಬಿಲ್ಲೆ ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಕುಣಿಕೆಯನ್ನು ಸೂಜಿಯ ಕಣ್ಣಿಗೆ ತೂರಿಸಿ, ಅದರೊಳಗೆ ದಾರ ಹಾಕಿ ಎಳೆದರೆ ಆಯಿತು. ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ.

ಸೀರೆಗಳು ಎಲ್ಲವೂ ಕಾಟನ್ ಆಗಿರಲಿ. ನಡುವೆ ಒಂದು ಪಾಲಿಯೆಸ್ಟರ್ ಸೇರಿದರೂ ಒಗೆದಾಗ ಒಂದು ಕುಗ್ಗಿ ಇನ್ನೊಂದು ಉಬ್ಬುತ್ತದೆ. ನಾಲ್ಕು ಪದರ ಸಾಕು, ಅದಕ್ಕಿಂತ ದಪ್ಪ ಆದರೆ ಸೂಜಿ ಎಳೆಯುವಾಗ ಬೆರಳು ನೋಯುತ್ತದೆ. ಪದರಗಳನ್ನು ಹಾಸಿದ ಮೇಲೆ ನಡುವಿನಿಂದ ಅಂಚಿನ ಕಡೆಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳಿ, ಪದರ ಜರುಗುವುದಿಲ್ಲ. ಕೊನೆಗೆ ಅದನ್ನು ಬಿಚ್ಚಿ ತೆಗೆದರಾಯಿತು. ನಿಮ್ಮ ಹೊದಿಕೆಯನ್ನು ಮಳೆ ನಿಂತ ಮೇಲೆ ಒಂದು ದಿನ ಬಿಸಿಲಿಗೆ ಹಾಕಿ, ಆಮೇಲೆ ಹೊದ್ದುಕೊಳ್ಳಿ.